ಕೆಂಪು ಕೋಣೆಯ ಕೊನೆಯ ಕೌದಿ

"ತಲಿ ತಗ್ಗಸ್ರಿ, ಬಾಯಾರ. ಈ ಬಾಗಲಾ ದೊಡ್ಡವರು ಸಣ್ಣವರು ಅಂತ ನೋಡಂಗಿಲ್ಲ."

ಜೋಹರಾಬಿಯ ಮಾತಿಗೆ ಸುಮಿತ್ರಾಬಾಯಿ ತಲೆ ತಗ್ಗಿಸಿದಳು. ಆದರೂ ಚೌಕಟ್ಟು ನೆತ್ತಿಗೆ ಟಣ್ಣೆಂದು ತಾಗಿತು.

"ಪೊಲೀಸರಿಗೂ ಹಿಂಗ ಬಡೀತು. ಅವ್ರು ಬಾಗಲಕ್ಕ ಬೈದ್ರು. ನೀವು ಬೈಲಿಲ್ಲ," ಎನ್ನುತ್ತ ಮುದುಕಿ ಕತ್ತಲೊಳಗೆ ಸರಿದಳು.

ಮುದ್ದೇಬಿಹಾಳದ ಹಳೇ ಪೇಟೆಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಆ ಅಂಗಡಿಯನ್ನು ನೋಡಿದವರಿಗೆ, ಅದರ ಬೆನ್ನಿಗೆ ಇಂಥದೊಂದು ಕೋಣೆ ಇದೆಯೆಂದು ಕನಸಿನಲ್ಲಿಯೂ ಹೊಳೆಯುವಂತಿರಲಿಲ್ಲ. ಶಾಲೆಯ ಹಾಜರಿ ಪುಸ್ತಕ, ಕುರಾನು, ಪಂಚಾಂಗ, ವಕೀಲರ ಕಡತ, ಎಲ್ಲಕ್ಕೂ ಒಂದೇ ಕೆಂಪು ಬಟ್ಟೆಯ ಬೆನ್ನು ಕಟ್ಟುತ್ತ ಜೋಹರಾಬಿಯ ಗಂಡ ಇಬ್ರಾಹಿಂಸಾಬ ನಲವತ್ತು ವರ್ಷ ಇಲ್ಲಿ ಕುಳಿತಿದ್ದ. ಮೈದಾಹಿಟ್ಟಿನ ಅಂಟಿಗೆ ಮೈಲುತುತ್ತ ಬೆರೆಸಿದ ಒಗರು ವಾಸನೆ ಗೋಡೆಗೇ ಹಿಡಿದುಬಿಟ್ಟಿತ್ತು. ಹಿಂದಿನ ಗೋಡೆಗೆ ಒಟ್ಟಿದ ಹಳೇ ಕಾಗದದ ಗಂಟುಗಳನ್ನು ಸರಿಸಿದರೆ ಈ ಗಿಡ್ಡ ಬಾಗಿಲು. ಒಂದು ಕಾಲಕ್ಕೆ ಜೋಳ ತುಂಬುತ್ತಿದ್ದ ಕೋಣೆ. ಒಂದೂ ಕಿಟಕಿಯಿಲ್ಲ.

ಜೋಹರಾಬಿ ಹಗ್ಗವೊಂದನ್ನು ಎಳೆದಳು. ಮಾಳಿಗೆಯ ಬೆಳಕಿಂಡಿಯ ಮೇಲಿನ ಗೋಣಿತಟ್ಟು ಸರಿದು ಹನ್ನೊಂದು ಗಂಟೆಯ ಬಿಸಿಲು ಒಳಗೆ ಬಿತ್ತು.

ಗೋಡೆಗಳೆಲ್ಲ ಒಮ್ಮೆಲೇ ನಕ್ಕವು.

ಸುಮಿತ್ರಾಬಾಯಿ ಒಂದು ಹೆಜ್ಜೆ ಹಿಂದೆ ಸರಿದಳು. ಎತ್ತ ನೋಡಿದರೂ ಕೆಂಪು, ಎತ್ತ ನೋಡಿದರೂ ಹಲ್ಲು. ಟ್ರ್ಯಾಕ್ಟರಿನ ಮೇಲೆ ಕುಳಿತ ಹೆಂಗಸು, ಕುಲುಮೆಯ ಮುಂದೆ ಸಲಾಕೆ ಹಿಡಿದ ಹೆಂಗಸು, ಎತ್ತಿನಗಲದ ಕುಂಬಳಕಾಯಿಯ ಮೇಲೆ ಸವಾರಿ ಮಾಡುವ ಮಕ್ಕಳು. ನಡುಗೋಡೆಯಲ್ಲಿ ಹುಟ್ಟುವ ಸೂರ್ಯನ ಜಾಗಕ್ಕೆ ಚೀನಾದ ನಾಯಕನ ದುಂಡು ಮುಖ. ಚಿತ್ರಗಳ ಕೆಳಗೆ, ಕೋಳಿ ಕೆದರಿದಂಥ ಚೀನೀ ಅಕ್ಷರಗಳು. ಒಟ್ಟು ನಲವತ್ತೊಂದು.

"ಎಲ್ಲಾರೂ ಬಂದು ಆ ದುಂಡ ಮಾರೀನ ನೋಡ್ತಾರ. ನಾ ಮಾತ್ರ ಈ ಹೆಣ್ಮಕ್ಕಳ್ನ ನೋಡ್ತೇನಿ," ಎಂದಳು ಜೋಹರಾಬಿ. "ಹೆಸರೂ ಇಟ್ಟೇನಿ. ಟ್ರ್ಯಾಕ್ಟರಿನಾಕಿ ಹೊನ್ನವ್ವ. ನಮ್ಮ ಓಣ್ಯಾಗ ಕಟಗಿ ಹೊರ್ತಿದ್ಲು, ಥೇಟ್ ಇದ ಗಲ್ಲ. ಸಲಾಕಿ ಹಿಡಿದಾಕಿ ನಮ್ಮ ನಾದಿನಿ ಮೆಹರಾಜ. ಆಕಿ ಕೈಯಾಗೂ ಯಾವಾಗ್ಲೂ ಒಂದು ಸಲಾಕಿ ಇದ್ದಂಗ ಇರ್ತಿತ್ತು."

ಸುಮಿತ್ರಾಬಾಯಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಅವಳು ಒಂದೊಂದೇ ಮುಖವನ್ನು ನೋಡುತ್ತ ನಡೆದಳು. ಈ ಹೆಂಗಸರಲ್ಲಿ ಒಬ್ಬಳೂ ದಣಿದಿರಲಿಲ್ಲ. ಒಬ್ಬಳ ಅಂಗಿಯೂ ಬೆವರಿನಿಂದ ಅಂಟಿರಲಿಲ್ಲ. ಎಲ್ಲರೂ ಮೇಲೆ, ದೂರ, ಯಾರೂ ಇಲ್ಲದ ಕಡೆಗೆ ನೋಡಿ ನಗುತ್ತಿದ್ದರು. ಸಿಂದಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಹೊಲಿಗೆ ಕಲಿಸಿದವಳು ಅವಳು. ಗುಂಪಿನ ಫೋಟೋಕ್ಕೆ ನಿಂತ ಹುಡುಗಿಯರಿಗೆ "ನಗ್ರೆವಾ" ಎಂದು ತಾನೇ ಹೇಳಿ, ಅವರು ಹೀಗೆ ನಕ್ಕದ್ದನ್ನು ಕಂಡಿದ್ದಳು. ಮನೆಗೆ ಹೋದ ಮೇಲೆ ಆ ಬಾಯಿಗಳು ಏನಾಗುತ್ತವೆ ಎಂಬುದೂ ಅವಳಿಗೆ ಗೊತ್ತಿತ್ತು.

ಈ ನಗುವ ಮುಖಗಳ ಕೆಳಗೆಯೇ ಒಂಬತ್ತು ದಿನದ ಹಿಂದೆ ಇಬ್ರಾಹಿಂಸಾಬ ತಲೆ ಒಡೆದು ಬಿದ್ದಿದ್ದ. ಈಗ ವಿಜಾಪುರದ ಆಸ್ಪತ್ರೆಯಲ್ಲಿ ಕಣ್ಣು ತೆರೆಯದೆ ಮಲಗಿದ್ದ. ಅವನ ಮಗ ಜುಲ್ಫಿಕರ ಪೊಲೀಸರ ವಶದಲ್ಲಿದ್ದ. ನಾಳೆ ಹನ್ನೊಂದಕ್ಕೆ ಜೈಲಿಗೆ. ಜುಲ್ಫಿಕರನ ಮಗಳು ಅಲ್ಮಾಸ ಒಂದು ಕಾಲಕ್ಕೆ ಸಿಂದಗಿಯಲ್ಲಿ ಸುಮಿತ್ರಾಬಾಯಿಯ ಕೈಯಲ್ಲಿ ಗುಂಡಿಮನೆ ಹೊಲಿಯಲು ಕಲಿತವಳು. "ನಮ್ಮಪ್ಪ ಮಾಡಿಲ್ರಿ ಟೀಚರ್, ನೀವು ಬಂದು ನೋಡ್ರಿ" ಎಂದು ಆ ಹುಡುಗಿ ಕಾಲು ಹಿಡಿದಿದ್ದರಿಂದಲೇ ಅವಳು ಇವತ್ತು ಇಲ್ಲಿ ನಿಂತಿದ್ದಳು.

ಪೊಲೀಸರ ಲೆಕ್ಕ ಸರಳವಾಗಿತ್ತು. ಕೀಲಿ ಇದ್ದದ್ದು ಅಪ್ಪ-ಮಗನ ಹತ್ತಿರ ಮಾತ್ರ. ಪುಣೆಯ ಸಂಜೀವಕುಮಾರ ಎಂಬ ಹಳೇ ಸಾಮಾನಿನ ವ್ಯಾಪಾರಿ ಎರಡು ಸಲ ಬಂದು ಚಿತ್ರ ಕೇಳಿದ್ದ. ಮಗ ಕೊಡೋಣ ಅಂದ, ಅಪ್ಪ ಬೇಡ ಅಂದ, ಮಾತಿಗೆ ಮಾತು ಬೆಳೆದು ಮಗ ದಬ್ಬಿದ. ಹೊರಗಿನ ಕಳ್ಳನಾದರೆ ಏನಾದರೂ ಒಯ್ಯಬೇಕಲ್ಲ? ನಲವತ್ತೊಂದು ಚಿತ್ರವೂ ಗೋಡೆಯಲ್ಲಿವೆ. ಕೋಣೆಯ ಕೊನೆಗೆ ಗಳುವಿನ ಮೇಲೆ, ಬಟ್ಟೆಯ ತುಂಡು ಜೋಡಿಸಿ ಹೊಲಿದ ಹಳೇ ಕೌದಿಯೂ ಹಾಗೇ ಇದೆ. ಏನೂ ಹೋಗಿಲ್ಲ.

ಏನೂ ಹೋಗದ ಕೋಣೆಯಲ್ಲಿ ಎಪ್ಪತ್ತು ವರ್ಷದ ಮನುಷ್ಯನನ್ನು ದಬ್ಬುವಂಥದ್ದು ಏನಿತ್ತು? ಸುಮಿತ್ರಾಬಾಯಿಗೆ ಬಸ್ಸಿನುದ್ದಕ್ಕೂ ಇದೇ ಚುಚ್ಚುತ್ತಿತ್ತು.

ಅವಳು ಕನ್ನಡಕ ಏರಿಸಿ ಹೊನ್ನವ್ವನ ಟ್ರ್ಯಾಕ್ಟರಿನ ಹತ್ತಿರ ಮುಖ ಒಯ್ದಳು. ಕಾಗದದ ತುಂಬ ಸಣ್ಣ ಸಣ್ಣ ತೂತು. ಸಾಲು ಸಾಲಾಗಿ, ಬಿತ್ತಿದ ಹೊಲದಂತೆ.

"ಹುಳಾ ತಿಂದಾವೇನ್ರಿ?"

"ಹುಳಾ ಅಲ್ರಿ, ನಾನ. ನನ್ನ ಸೂಜಿ." ಜೋಹರಾಬಿ ನೆಲಕ್ಕೆ ಕುಳಿತು ಮೊಣಕಾಲು ನೀವಿಕೊಂಡಳು. "ಬಾಗೇವಾಡ್ಯಾಗ ಒಂದು ಓದೋ ಕೋಲಿ ಇತ್ತ್ರಿ. ಅಲ್ಲಿಗೆ ಚೀನಾದ ಚಿತ್ರ ಅಂಚಿ ಮ್ಯಾಲೆ ಬರೂವು. ಆಮ್ಯಾಲೆ ಚೀನಾದವ್ರ ಕೂಡ ಲಡಾಯಿ ಆತಲ್ಲ, ಸುಡ್ರಿ ಅಂದ್ರು. ಮೂರು ಮಂದಿ ಗೆಳ್ಯಾರಿಗೆ ಸುಡಾಕ ಕೈ ಬರ್ಲಿಲ್ಲ. ಇವ್ರು ಹೊತಗೊಂಡು ಬಂದು, 'ಜೋಹರಾ, ಕೌದಿ ಹೊಲಿ' ಅಂದ್ರು. ಆರು ಕೌದಿ ಹೊಲದೆ, ಒಳಗ ಚಿತ್ರ ಇಟ್ಟು. ನನ್ನ ಮಕ್ಕಳು ಇಪ್ಪತ್ತು ವರ್ಷ ಚೀನಾ ಹೊಚಗೊಂಡು ಮಲಗ್ಯಾವ. ಹೊಳ್ಳಿದ್ರ ಸಾಕು, ಚರ್ ಚರ್. ಬೀಗರು ಬಂದ್ರ, 'ಇದೇನ್ ಬೇ ನಿಮ್ಮ ಕೌದಿ ಮಾತಾಡ್ತೈತಿ' ಅನ್ನಾವ್ರು."

"ಮೂವರು ಗೆಳೆಯಾರು ಅಂದ್ರಿ. ಯಾರ್ಯಾರು?"

ಜೋಹರಾಬಿ ಗಲ್ಲದಿಂದಲೇ ಮೂಲೆಯ ಫೋಟೋ ತೋರಿಸಿದಳು. ಅರಿಶಿಣ ಬಣ್ಣಕ್ಕೆ ತಿರುಗಿದ ಫೋಟೋದಲ್ಲಿ ಮೂವರು ಹುಡುಗರು ಒಂದೇ ಬಾಕಿನ ಮೇಲೆ ಕುಳಿತಿದ್ದರು.

"ನಡಬರ್ಕ ಕುಂತಾವ್ರು ನಮ್ಮವ್ರು. ಎಡಕ್ಕ ಮಡಿವಾಳಪ್ಪ. ಎಪ್ಪತ್ತನೇ ಇಸವ್ಯಾಗ ಯಾರೋ ಇವರ ಹೆಸರು ಕೊಟ್ರು, ಪೊಲೀಸರು ಹಿಡಕೊಂಡು ಹ್ವಾದ್ರು. ಜೈಲಿನ್ಯಾಗ ತೀರಿಕೊಂಡ್ರು. ಬಲಕ್ಕ ಇದ್ದಾವ್ರು ಈಗ ಭಾಳ ದೊಡ್ಡ ಮನಷ್ಯಾ ಆಗ್ಯಾರ್ರಿ. ಬಾಗೇವಾಡಿ ರೇವಣಪ್ಪ. ಎಪ್ಪತ್ತರಿಂದ ಈಚೆ ನಮ್ಮ ಹೊಸ್ತಲಾ ತುಳದಿಲ್ಲ."

ಸುಮಿತ್ರಾಬಾಯಿಯ ಬೆರಳು ಫೋಟೋದ ಗಾಜಿನ ಮೇಲೆ ನಿಂತುಬಿಟ್ಟಿತು.

ತೆಳ್ಳಗಿನ ಹುಡುಗ, ದಟ್ಟ ಹುಬ್ಬು. ಆ ಹುಬ್ಬುಗಳನ್ನು ಅವಳು ಇಪ್ಪತ್ತೈದು ವರ್ಷದಿಂದ ಬಲ್ಲಳು. ತಂಗಿ ವಿಜಯಶ್ರೀಯ ಮದುವೆಯ ಚಪ್ಪರದಲ್ಲಿ ಅವಕ್ಕೆ ಬಾಸಿಂಗ ಕಟ್ಟುವಾಗ ಪಕ್ಕದಲ್ಲಿ ಆರತಿ ಹಿಡಿದು ನಿಂತವಳು ತಾನೇ. ಈಗ ಬಾಗೇವಾಡಿಯ ಸಭೆಗಳಲ್ಲಿ ಮುಂದಿನ ಕುರ್ಚಿ ಆ ಹುಬ್ಬಿನವನದು. ಇಂಥ ಚಿತ್ರ, ಇಂಥ ಗೆಳೆಯರು ಇದ್ದರೆಂದು ಅವನು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

'ಇವ್ರು ನನ್ನ ತಂಗಿ ಗಂಡ' ಎನ್ನಲು ಬಾಯಿ ತೆರೆದಳು. ಹಾಗೆಯೇ ಮುಚ್ಚಿದಳು. ಯಾಕೆಂದು ಅವಳಿಗೂ ತಿಳಿಯಲಿಲ್ಲ. ತಂಗಿಯೊಡನೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಮಾತು ಬಿಟ್ಟವರ ಹೆಸರು ನಾಲಗೆಯ ಮೇಲೆ ಬೇಗ ಬರುವುದಿಲ್ಲ, ಅಷ್ಟೇ ಇರಬೇಕು.

ಅವಳು ಕೋಣೆಯ ಕೊನೆಗೆ ಬಂದಳು. ಜಂತಿಗೆ ತೂಗುಬಿಟ್ಟ ಗಳುವಿನ ಮೇಲೆ ಒಂದು ಕೌದಿ ಹರವಿತ್ತು. ಕೆಳಗೆ ಬಿಚ್ಚಿ ಮಡಚಿಟ್ಟ ಆರು ಹಳೇ ಕೌದಿಗಳ ಒಟ್ಟಿಲು. ಪಕ್ಕದ ರಟ್ಟಿಗೆ ಪತ್ರಿಕೆಯ ತುಣುಕೊಂದನ್ನು ಅಂಟಿಸಿದ್ದರು. ಕಪ್ಪು-ಬಿಳುಪು ಫೋಟೋದಲ್ಲಿ ಇದೇ ಕೌದಿ. ಪಕ್ಕದಲ್ಲಿ ಅರ್ಧ ಮುಖ ಮರೆಸಿದ ಇಬ್ರಾಹಿಂಸಾಬ.

"ಹೋದ ದೀಪಾವಳಿಗೆ ಪೇಪರಿನವ ಬಂದಿದ್ದ. ಹೆಸರು, ಊರು ಹಾಕಬ್ಯಾಡ ಅಂದಿದ್ರು. ಹಾಕಲಿಲ್ಲ."

ಸುಮಿತ್ರಾಬಾಯಿ ಓದಿದಳು. 'ಏಳನೆಯ ಈ ಕೌದಿಯನ್ನು ಇನ್ನೂ ಬಿಚ್ಚಿಲ್ಲ. ಜೈಲಿಗೆ ಹೋದ ಗೆಳೆಯನೊಬ್ಬ ಕೊನೆಯದಾಗಿ ಕೊಟ್ಟ ಕಾಗದ ಇದರಲ್ಲಿದೆ. ನನಗೂ ವಯಸ್ಸಾಯಿತು. ಬರುವ ಯುಗಾದಿಗೆ ಬಿಚ್ಚಿ ಓದುತ್ತೇನೆ' ಎಂದು ಆ ಹಿರಿಯರು ಹೇಳಿದ್ದರು.

ಯುಗಾದಿಗೆ ಇನ್ನು ಹನ್ನೆರಡು ದಿನ.

"ಪೊಲೀಸರು ಇದನ್ನ ಮುಟ್ಟಿ ನೋಡಿದ್ರೇನ್ರಿ?"

"ಹಿಚಕಿ ನೋಡಿದ್ರು. ಚರ್ ಅಂತು. ಒಳಗ ಕಾಗದಾ ಐತಿ, ಬಿಡು, ಅಂದ್ರು."

ಅವಳೂ ಹಿಚುಕಿದಳು. ಚರ್ ಎಂದಿತು. ಆದರೆ ಬೆರಳು ಅಲ್ಲಿಂದ ಏಳಲೊಲ್ಲದು. ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದಳು. ಹೊನ್ನವ್ವನ ಚಿತ್ರದಲ್ಲಿ ಜೋಹರಾಬಿಯ ಸೂಜಿತೂತುಗಳು ಜೋಳದ ಕಾಳಿನಷ್ಟು ದೂರ ದೂರ, ಬಲಕ್ಕೆ ವಾಲಿದ್ದವು. ಇಲ್ಲಿ ಹೊಲಿಗೆ ನೆಟ್ಟಗಿತ್ತು, ಗಿಡ್ಡಗಿತ್ತು, ಸಾಸಿವೆ ಸುರಿದಂತೆ. ಎಲ್ಲೋ ನೋಡಿದ ಕೈ. ಎಲ್ಲಿ?

"ಜೋಹರಾಬಿ, ಈ ಚೌಕ ಯಾರ ಸೀರೀದ್ರಿ?"

"ನಮ್ಮ ಅತ್ತೀದು."

"ಇದು?"

"ಅದೂ ಅತ್ತೀದ."

"ಮತ್ತ ಇದು?"

"ಅತ್ತೀದ್ರಿ. ಎಷ್ಟ ಕೇಳ್ತೀರಿ?"

"ಇದು ಗಂಡಸರ ಚೊಣ್ಣದ ಪಟ್ಟಿ ಬಟ್ಟಿ ಐತಿ. ನಿಮ್ಮ ಅತ್ತಿ ಚೊಣ್ಣಾ ಹಾಕತಿದ್ರೇನು?"

ಜೋಹರಾಬಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಮೊಣಕಾಲ ಮೇಲಿನ ಕೈ ನಿಂತುಹೋಗಿತ್ತು.

ಕೌದಿ ಹೊಲಿದವಳಿಗೆ ಅದರ ಒಂದೊಂದು ತುಂಡಿನ ಕತೆಯೂ ಗೊತ್ತಿರುತ್ತದೆ. ಇದು ಯಾರ ಬಾಣಂತನದ ಸೀರೆ, ಇದು ಯಾವ ಮಗು ತೀರಿಕೊಂಡಾಗ ತೊಟ್ಟಿದ್ದ ಅಂಗಿ, ಇದನ್ನು ಬೇಡಿ ತಂದದ್ದು ಯಾರ ಹತ್ತಿರ. ಕಣ್ಣು ಮಂಜಾದರೂ ಬೆರಳು ಹೇಳುತ್ತದೆ. ಹೇಳಲು ಬರಲಿಲ್ಲವೆಂದರೆ ಆ ಕೌದಿ ಅವಳದಲ್ಲ.

ಸುಮಿತ್ರಾಬಾಯಿ ಕೆಳಗಿನ ಒಟ್ಟಿಲಿನಿಂದ ಒಂದೊಂದಾಗಿ ಆರೂ ಕೌದಿಗಳ ಮೂಲೆ ಎತ್ತಿದಳು. ಎಲ್ಲದರ ನಾಲ್ಕು ಮೂಲೆಗೂ ತ್ರಿಕೋನದ ಹಸಿರು ತುಂಡು. ಗಳುವಿನ ಮೇಲಿನ ಕೌದಿಗೆ ನಾಲ್ಕು ಮೂಲೆಯಲ್ಲೂ ಕುಂಕುಮಗೆಂಪು.

"ನಿಮ್ಮ ಮನ್ಯಾಗ ಮೂಲಿಗೆ ಹಸರ ಹಚ್ತೀರಿ, ಹೌದಲ್ರಿ?"

"ನಮ್ಮ ತವರುಮನಿ ಪದ್ಧತಿ," ಎಂದಿತು ಸಣ್ಣ ದನಿ.

"ಈ ಪೇಪರಿನ ಫೋಟೋದಾಗ ನೋಡ್ರಿ. ಮೂಲಿ ಬೂದಿ ಬಣ್ಣ ಕಾಣ್ತೈತಿ. ಪೇಪರಿನ್ಯಾಗ ಹಸರೂ ಬೂದಿ, ಕೆಂಪೂ ಬೂದಿ. ಈ ಕೌದಿ ಹೊಲದಾಕಿ ನಿಮ್ಮ ಕೌದಿ ಕಣ್ಣಿಲೆ ಕಂಡಿಲ್ಲ. ಈ ಫೋಟೋ ಮುಂದ ಇಟಗೊಂಡು, ಚೌಕಕ್ಕ ಚೌಕ ಜೋಡಿಸ್ಯಾಳ. ಬಣ್ಣಾ ಮಾತ್ರ ತನ್ನ ಮನಸಿಗೆ ತಿಳದದ್ದು ಹಚ್ಯಾಳ." ಸುಮಿತ್ರಾಬಾಯಿ ಅವಳ ಎದುರಿಗೇ ಕುಳಿತಳು. "ಇದು ನಿಮ್ಮ ಕೌದಿ ಅಲ್ಲ. ಅದು ನಿಮಗ ಮೊದಲ ದಿನಾನ ಗೊತ್ತಿತ್ತು. ಯಾಕ ಹೇಳಲಿಲ್ಲ?"

"ನನಗ ಕಣ್ಣು ಕಾಣಂಗಿಲ್ರಿ."

"ಅಲ್ಲಿ ಹೊನ್ನವ್ವನ ಗಲ್ಲ ಕಾಣ್ತೈತಿ, ಇಲ್ಲಿ ಮೂಲಿ ಕಾಣಂಗಿಲ್ಲೇನು?"

"ಬಾಯಾರ, ಎದ್ದು ಹೋಗ್ರಿ ನೀವು!" ಮುದುಕಿಯ ದನಿ ಒಮ್ಮೆಲೇ ಏರಿತು. "ನಮ್ಮ ಹುಡಿಗಿ ಕರದ್ಲಂತ ಒಳಗ ಬಿಟ್ಟೆ. ನೀವು ಸಾಲ್ಯಾಗ ಹುಡಿಗ್ಯಾರ್ನ ಕೇಳಿದಂಗ ಕೇಳಾಕತ್ತೀರಿ. ನಿಮಗ ಮಕ್ಕಳು ಅದಾವೇನು?"

ಸುಮಿತ್ರಾಬಾಯಿಗೆ ಮಕ್ಕಳಿರಲಿಲ್ಲ. ಆ ಪ್ರಶ್ನೆ ಅವಳಿಗೆ ಹೊಸದೂ ಅಲ್ಲ. ಮೂವತ್ತು ವರ್ಷದಲ್ಲಿ ಅದು ಎಷ್ಟು ಬಾಯಿಯಿಂದ ಬಂದಿತ್ತೆಂದರೆ, ಈಗ ತಾಗುವ ಮೊದಲೇ ಜಾರಿಬೀಳುತ್ತಿತ್ತು. ಇವತ್ತು ಮಾತ್ರ ಅದರ ಹಿಂದಿದ್ದ ಹೆದರಿಕೆ ಅವಳಿಗೆ ಸ್ಪಷ್ಟವಾಗಿ ಕಂಡಿತು.

"ಕೀಲಿ ಇದ್ದದ್ದು ಮಗನ ಕಡೆ," ಎಂದಳು ಮೆಲ್ಲಗೆ. "ಏಳು ಕೌದ್ಯಾಗ ಯಾವುದು ಅಂತ ಗೊತ್ತಿದ್ದದ್ದು ಮಗಗ. ಕೌದಿ ಬದಲಾಗೈತಿ ಅಂತ ನೀವು ಹೇಳಿದ್ರ, ಕಳವೂ ಅವನ ತಲೀಗೇ ಬರ್ತೈತಿ. ಅದಕ್ಕ ಹೇಳಲಿಲ್ಲ. ಜುಲ್ಫಿಕರನ ಮಾಡ್ಯಾನ ಅಂತ ನೀವೂ ನಂಬೀರಿ."

ಜೋಹರಾಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳು ದನಿಯಾಗಿ ಬರಲಿಲ್ಲ; ಭುಜವಷ್ಟೇ ಅಲುಗಿತು.

"ಹಡದ ತಾಯಿ ನಾ," ಎಂದಳು. "ಅವನ ಸಲುವಾಗಿ ಐದು ಹೊತ್ತು ನಮಾಜು ಮಾಡ್ತೇನಿ. ಎದ್ದ ಕೂಡ್ಲೆ ಮನಸ್ಸು ಅಂತೈತಿ, ಅವನ ಮಾಡ್ಯಾನ, ಅವನ ಮಾಡ್ಯಾನ. ಮಗನ ಮ್ಯಾಲೆ ಹಿಂಗ ಅನಮಾನ ಮಾಡೋ ತಾಯಿ ಎಲ್ಯಾರ ಇರ್ತಾಳೇನ್ರಿ?"

ಸುಮಿತ್ರಾಬಾಯಿ ಅವಳ ಕೈ ಹಿಡಿದಳು. ಅಂಟು ಕಲಸಿ ಕಲಸಿ ಒರಟಾದ ಕೈ.

"ಅವ ಮಾಡಿಲ್ಲ. ಕೇಳ್ರಿಲ್ಲೆ. ಇಂಥಾ ಕೌದಿ ಹೊಲ್ಯಾಕ ಎಷ್ಟ ದಿನಾ ಬೇಕು?"

"ಒಬ್ಬಾಕೀನ ಕುಂತ್ರ, ಎರಡು ತಿಂಗಳಾ. ಕಣ್ಣು ಚಲೋ ಇದ್ರ."

"ಹಂಗಾದ್ರ ಇದು ಒಂದು ದಿನದ ಸಿಟ್ಟಲ್ಲ. ಪೇಪರಿನ್ಯಾಗ ಫೋಟೋ ಬಂದ ಮ್ಯಾಲೆ ಯಾರೋ ಕುಂತು, ಎರಡು ತಿಂಗಳಾ ಹೊಲಿಸ್ಯಾರ. ಗುರುತಿನವರು ಅಂತ ಸಾಹೇಬ್ರ ಬಾಗಲಾ ತಗದಿರಬೇಕು, ಬದಲಿ ಇಡೂದನ್ನ ನೋಡ್ಯಾರ. ಜುಲ್ಫಿಕರಗ ಕೌದಿ ಬೇಕಿದ್ರ ಹೊಸಾದು ಯಾಕ ಹೊಲಸ್ತಿದ್ದ? ಕೀಲಿ ಅವನ ಕಡೇನ ಐತಿ, ಮೂಲಿ ಬಿಚ್ಚಿ ಕಾಗದಾ ತಗದು ಹೊಳ್ಳಿ ಹೊಲಿದ್ರ ಮುಗೀತು. ಮತ್ತ ಮೂಲಿ ಹಸರ ಅನ್ನೂದು ನಿಮ್ಮ ಮಗಗ ಗೊತ್ತಿರಲಿಲ್ಲೇನು? ಆ ಕೌದ್ಯಾಗ ಮಲಗಿ ಬೆಳದಾವ!"

ಜೋಹರಾಬಿ ತಲೆ ಎತ್ತಿದಳು. ಒಂಬತ್ತು ದಿನದಿಂದ ಅವಳ ಮುಖದ ಮೇಲೆ ಯಾರೋ ಇಟ್ಟಿದ್ದ ಕಲ್ಲು ಸರಿದಂತಾಯಿತು.

"ಹೌದಲ್ರಿ! ಚೊಣ್ಣಾ ಹಾಕ್ಕೊಳ್ಳೂ ಮೊದಲ ಆ ಹಸರು ಮೂಲಿ ಚೀಪತಿದ್ದ, ಹಲ್ಕಟ್!" ಅತ್ತಳು, ನಕ್ಕಳು, ಮತ್ತೆ ಅತ್ತಳು. "ನಡೀರಿ, ಈಗಿಂದೀಗ ಪೊಲೀಸರಿಗೆ ಹೇಳೂಣು."

"ಹೊಲದಾಕಿ ಯಾರು ಅಂತ ಕೇಳ್ತಾರ. ಒಂದು ಗುರುತು ಬೇಕು."

"ಹೊಟ್ಟಿ ಬಿಚ್ಚಿ ನೋಡ್ರಿ," ಎಂದಳು ಜೋಹರಾಬಿ ತಟ್ಟನೆ.

ಕೌದಿಯನ್ನು ಅಂಚಿನಿಂದ ಸುತ್ತುತ್ತ ಹೊಲಿದು ಕೊನೆಗೆ ನಡುವಿಗೆ ಬರುತ್ತಾರೆ. ಅಲ್ಲೊಂದು ಅಂಗೈಯಗಲದ ತುಂಡು ಇಟ್ಟು, ಮುಚ್ಚುವ ಮೊದಲು ಒಳಗೆ ಐದು ಕಾಳು ಹಾಕುತ್ತಾರೆ. ಅದು ಕೌದಿಯ ಹೊಟ್ಟೆ. ಹಸಿದ ಕೌದಿಯನ್ನು ಹೊದೆಯಬಾರದು ಎಂದು ಆ ಕಡೆಯ ಹೆಂಗಸರೆಲ್ಲರ ನಂಬಿಕೆ. ಜಾತಿ ಯಾವುದಾದರೂ ಕಾಳು ತಪ್ಪುವುದಿಲ್ಲ.

"ಮೋಸದ ಕೌದಿ. ಯಾರೂ ಹೊಚ್ಚಗೊಳ್ಳೂದಲ್ಲ. ಹೊಟ್ಟಿ ಖಾಲಿ ಇರ್ತೈತಿ ಬಿಡ್ರಿ," ಎಂದಳು ಸುಮಿತ್ರಾಬಾಯಿ.

"ಎಂಥಾ ಕಳ್ಳಿ ಆದ್ರೂ ಹೆಣ್ಣು. ಕೈ ತಡದಿರಂಗಿಲ್ಲ. ನೋಡ್ರಿ."

ಸುಮಿತ್ರಾಬಾಯಿ ಚೀಲದಿಂದ ಸಣ್ಣ ಕತ್ತರಿ ತೆಗೆದಳು. ಕೌದಿಯನ್ನು ಬೆಳಕಿಂಡಿಯ ಕೆಳಗೆ ಹಾಸಿದರು. ನಡುವಿನ ತುಂಡಿನ ನಾಲ್ಕು ಹೊಲಿಗೆ, ಐದು ಹೊಲಿಗೆ ಬಿಚ್ಚಿದಳು. ಒಳಗಿನಿಂದ ಕಾಗದ ಇಣುಕಿತು. ಚೀನಾದ್ದಲ್ಲ, ಹೋದ ಡಿಸೆಂಬರಿನ ಕನ್ನಡ ಪತ್ರಿಕೆ. ಪೊಲೀಸರು ಕೇಳಿದ ಚರ್ ಸದ್ದು ಇದರದೇ.

ಅದರ ಮೇಲೆ ಉಗುರಿನಷ್ಟು ದೊಡ್ಡ ಒಂದು ಅರಿಶಿಣ ಬಟ್ಟೆಯ ಗಂಟು.

"ನಾ ಹೇಳಿದ್ನಲ್ರಿ!" ಜೋಹರಾಬಿ ಬಾಗಿದಳು. "ಆದ್ರ ಇದೇನು, ಗಂಟು ಕಟ್ಯಾಳ? ನಾವು ಜ್ವಾಳ ಹಂಗ ಒಗೀತೇವಿ. ಎಲ್ಲಾರೂ ಜ್ವಾಳಾನ ಹಾಕ್ತಾರ."

ಸುಮಿತ್ರಾಬಾಯಿ ಗಂಟು ಬಿಚ್ಚಲಿಲ್ಲ. ಬಿಚ್ಚುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಮೂರು ಸುತ್ತು, ಕೊನೆಗೆ ಒಂದು ಎಡಗಂಟು. ಆದರೂ ಬೆರಳು ತಾನಾಗಿ ಬಿಚ್ಚಿತು.

ಐದು ಕುಸುಬಿ ಕಾಳು. ಹಾಲುಹಲ್ಲಿನಂತೆ ಬೆಳ್ಳಗೆ, ಅಂಗೈಯಲ್ಲಿ.

'ಜ್ವಾಳಕ್ಕ ನುಸಿ ಹತ್ತತೈತಿ, ಮಗಳ. ಕುಸುಬಿ ಸಿಪ್ಪಿ ಗಟ್ಟಿ. ನಾವು ಹ್ವಾದ್ರೂ ಇರ್ತೈತಿ.' ಸಾಲೋಟಗಿಯ ಮನೆಯ ಪಡಸಾಲೆ, ಕಂಬಕ್ಕೆ ಬೆನ್ನು ಕೊಟ್ಟು ಕುಳಿತ ಅವ್ವ ಗುಂಡವ್ವ, ಕೌದಿಯ ಆ ಅಂಚಿಗೆ ತಾನು, ಈ ಅಂಚಿಗೆ ವಿಜಯಶ್ರೀ. ಇಂಡಿ ತಾಲೂಕಿನಿಂದ ಬಾಗೇವಾಡಿಯವರೆಗೆ ಕೌದಿಗೆ ಕುಸುಬಿ ಹಾಕುವವಳು ಅವ್ವ ಒಬ್ಬಳೇ. ಅರಿಶಿಣದ ಗಂಟು ಕಲಿತವರು ಅವಳ ಇಬ್ಬರು ಮಕ್ಕಳು. ಒಬ್ಬಳು ಇಲ್ಲಿ ಕುಳಿತಿದ್ದಾಳೆ.

ಎಲ್ಲೋ ನೋಡಿದ ಕೈ. ಸಾಸಿವೆ ಸುರಿದಂಥ ಹೊಲಿಗೆ. ಅಷ್ಟು ವರ್ಷ ಎದುರು ಬದುರು ಕುಳಿತು ಹೊಲಿದ ಕೈಯನ್ನು ತಾನು ಗುರುತಿಸಲಿಲ್ಲವಲ್ಲ!

ಅವ್ವ ಸತ್ತ ಹದಿಮೂರನೆಯ ದಿನ, ತಂಗಿ ಒಳಗೆ ಹೋಳಿಗೆ ಬೇಯಿಸುತ್ತಿದ್ದಾಗ, ಅವ್ವನ ಕೊನೆಯ ಕೌದಿಯನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು ಸುಮಿತ್ರಾಬಾಯಿ. ಕೇಳಿರಲಿಲ್ಲ. ವಿಜಯಶ್ರೀ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬಂದು ನೋಡಿ, "ನಿನಗ ಹೊಚ್ಚಗೊಳ್ಳಾಕ ಇಲ್ಲೇನಕ್ಕಾ?" ಎಂದಿದ್ದಳು. ಅಷ್ಟೇ. ಅದೇ ಕೊನೆಯ ಮಾತು. ಆ ಕೌದಿಯನ್ನು ಇವಳು ಇವತ್ತಿನವರೆಗೂ ಹೊದ್ದಿರಲಿಲ್ಲ. ಟ್ರಂಕಿನಲ್ಲಿ, ನುಸಿಗುಳಿಗೆಯ ನಡುವೆ ಇತ್ತು.

ಎಪ್ಪತ್ತರಲ್ಲಿ ಮಡಿವಾಳಪ್ಪನ ಹೆಸರು ಕೊಟ್ಟವನು ಯಾರೆಂದು ಆ ಕಾಗದದಲ್ಲಿದ್ದರೆ, ಯುಗಾದಿಗೆ ಹೆದರಬೇಕಾದವನು ರೇವಣಪ್ಪನೊಬ್ಬನೇ. ಎರಡು ತಿಂಗಳು ಹೊಲಿಯುವಾಗ ವಿಜಯಶ್ರೀಗೆ ಏನು ಗೊತ್ತಿತ್ತು? ಗಂಡ ಫೋಟೋ ಇಟ್ಟು 'ಹೀಂಗ ಹೊಲಿ' ಎಂದಾಗ ಯಾಕೆಂದು ಕೇಳಿದಳೇ, ಅಥವಾ ಇಪ್ಪತ್ತೈದು ವರ್ಷದ ರೂಢಿಯಂತೆ ಕೇಳಲೇ ಇಲ್ಲವೇ? ಕಾಳು ಕೈತಪ್ಪಿ ರೂಢಿಯಿಂದ ಬಿದ್ದದ್ದೋ? ಇಲ್ಲಾ, ಈ ಹೊಟ್ಟೆಯನ್ನು ಎಂದಾದರೂ ಅಕ್ಕನೇ ಬಿಚ್ಚಲಿ ಎಂದು, ಕೂಗಲು ಬಾಯಿಲ್ಲದವಳು ಒಳಗಿಟ್ಟ ಕೂಗೋ?

"ಯಾರ ಮನಿ ಕಾಳ್ರಿ ಇವು?" ಜೋಹರಾಬಿ ಕೇಳಿದಳು.

"ಗೊತ್ತಿಲ್ಲ."

ಮುದುಕಿ ಅವಳನ್ನೇ ನೋಡಿದಳು. ಸುತ್ತಲಿನ ನಲವತ್ತೊಂದು ಚಿತ್ರಗಳು ಎಲ್ಲೆಲ್ಲೋ ನೋಡಿ ನಗುತ್ತಿದ್ದವು. ಕಣ್ಣಿನಲ್ಲಿ ಕಣ್ಣಿಟ್ಟು ನೋಡುತ್ತಿದ್ದವಳು ಇವಳೊಬ್ಬಳೇ.

"ಬಾಯಾರ, ನಾನೂ ಒಂಬತ್ತು ದಿನಾ ಗೊತ್ತಿಲ್ಲ ಅಂದೆ. ಹಂಗ ಅನ್ನಾವರ ಮಾರಿ ಹಿಂಗ ಇರ್ತೈತಿ." ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ತಡೆಯಲಾರದಂತಿತ್ತು. "ನಿಮ್ಮವರು ಯಾರೋ ಅದಾರ. ಇರ್ಲಿ. ನಾಳೆ ಹನ್ನೊಂದಕ್ಕ ನನ್ನ ಮಗನ್ನ ಒಯ್ತಾರ. ಅಷ್ಟು ನೆಪ್ಪಿಡ್ರಿ."

ಸುಮಿತ್ರಾಬಾಯಿ ಕಾಳುಗಳ ಮೇಲೆ ಮುಷ್ಟಿ ಮುಚ್ಚಿದಳು. "ಒಂದು ಫೋನ್ ಮಾಡಿ ಬರ್ತೇನಿ."

ಹೊರಗೆ ಬರುವಾಗ ಬಾಗಿಲು ಮತ್ತೆ ನೆತ್ತಿಗೆ ಬಡಿಯಿತು. ಈ ಸಲ ಅವಳಿಗೆ ತಿಳಿಯಲಿಲ್ಲ.

ಅಂಗಡಿಯ ಎದುರಿಗೇ ಎಸ್‌ಟಿಡಿ ಬೂತು. ಗಾಜಿನ ಗೂಡಿನೊಳಗೆ ಹೊಕ್ಕು ಬಾಗಿಲು ಎಳೆದುಕೊಂಡಳು. ನಾಲ್ಕು ವರ್ಷ ಒತ್ತದ ನಂಬರು ಬೆರಳಿಗೆ ಬಾಯಿಪಾಠವಾಗಿತ್ತು. ಏನು ಕೇಳಬೇಕೆಂದು ಮಾತ್ರ ಗೊತ್ತಿರಲಿಲ್ಲ. ತಂಗಿಯೇ ಎತ್ತಿದರೆ 'ಕುಸುಬಿ ಸಿಕ್ತವ್ವಾ' ಎಂದರೆ ಸಾಕು. ಮುಂದಿನದು ಅವಳ ಉಸಿರಿನಲ್ಲೇ ತಿಳಿಯುತ್ತದೆ.

ಎತ್ತಿದ್ದು ರೇವಣಪ್ಪ.

"ನಾ... ಸುಮಿತ್ರಾ."

"ಓ, ಅಕ್ಕಾರ!" ದನಿ ಬೆಣ್ಣೆಯಂತಿತ್ತು. "ನೀವ ಫೋನ್ ಮಾಡಿದ್ದು ಚಲೋ ಆತು. ವಿಜಯಶ್ರೀ ಹೆಂಗದಾಳ್ರಿ? ನಿಮ್ಮ ಮನಿಗೆ ಬಂದು ಎಂಟು ದಿನಾ ಆತು, ಒಂದು ಸುದ್ದಿ ಇಲ್ಲ."

ವಿಜಯಶ್ರೀ ಸಿಂದಗಿಗೆ ಬಂದಿರಲಿಲ್ಲ. ಎಂಟು ದಿನ. ಅಂದರೆ ಇಬ್ರಾಹಿಂಸಾಬ ಬಿದ್ದ ಮರುದಿನವೇ ಅವಳು ಅಕ್ಕನ ಹೆಸರು ಹೇಳಿ ಮನೆ ಬಿಟ್ಟಿದ್ದಾಳೆ. ಓಡಿದ್ದಾಳೆ. ಬಂದಿಲ್ಲ ಎಂದರೆ ಇವನು ಈಗಿನಿಂದಲೇ ಹುಡುಕಲು ಹೊರಡುತ್ತಾನೆ. ಬಂದಿದ್ದಾಳೆ ಎಂದರೆ ಒಂದು ದಿನವಾದರೂ ಸಿಗುತ್ತದೆ. ತಂಗಿಗೂ, ಜುಲ್ಫಿಕರನಿಗೂ.

ನಾಲ್ಕು ವರ್ಷದ ಮೇಲೆ ತಂಗಿಗಾಗಿ ಮಾಡಬಹುದಾದ ಒಂದು ಕೆಲಸ ಇದು. ಮುಷ್ಟಿಯಲ್ಲಿ ಕಾಳುಗಳು ಚುಚ್ಚಿದವು.

"ಆರಾಮ ಅದಾಳ್ರಿ," ಎಂದಳು. ತನ್ನ ದನಿ ಇಷ್ಟು ಸಹಜವಾಗಿ ಬಂದದ್ದಕ್ಕೆ ತಾನೇ ಬೆರಗಾದಳು. "ಜಳಕಕ್ಕ ಹೋಗ್ಯಾಳ. ನಾಕು ದಿನಾ ಬಿಟ್ಟು ಬರ್ತಾಳಂತ. ಅದನ್ನ ಹೇಳಾಕ ಫೋನ್ ಮಾಡಿದೆ."

ಆ ಕಡೆ ಮಾತು ನಿಂತಿತು. ಆ ಮೌನದೊಳಗೆ, ದೂರದಲ್ಲಿ, ಬಳೆಗಳು ಒಂದೇ ಲಯದಲ್ಲಿ ಸಣ್ಣಗೆ ಸದ್ದು ಮಾಡುತ್ತಿದ್ದವು: ಸೂಜಿ ಚುಚ್ಚಿ, ದಾರ ಎಳೆದು, ಮತ್ತೆ ಚುಚ್ಚುವ ಕೈಯ ಬಳೆಗಳು.

"ಹೌದಾ?" ಎಂದ ರೇವಣಪ್ಪ. ಈಗ ಆ ದನಿಯಲ್ಲಿ ಬೆಣ್ಣೆ ಇರಲಿಲ್ಲ. "ನಾಕು ವರ್ಷ ಇಲ್ಲದ ಫೋನ್ ಇವತ್ತ ಯಾಕ ಬಂತು ಅಂತ ನೋಡಾಕ ಆ ಮಾತು ಆಡಿದೆ. ಹಂಗಾದ್ರ ಇಲ್ಲೆ ನನ್ನ ಮುಂದ ಕುಂತು ಕೌದಿ ಹೊಲ್ಯಾಕತ್ತಾಕಿ ಯಾರ್ರಿ, ಅಕ್ಕಾರ?"